ಎರಡು ಸ್ಫಟಿಕದ ಮಣಿ

ಹರಿದ ಜಪಮಾಲೆಯನ್ನು ಪೋಣಿಸಿಕೊಡುವೆನೆಂದು ಅಜ್ಜಿಯಿಂದ ಇಸಿದುಕೊಂಡ ಋತುಜಾ, ನೂರೆಂಟು ಸ್ಫಟಿಕಗಳಲ್ಲಿ ಎರಡನ್ನು ಎತ್ತಿಟ್ಟುಕೊಂಡು ಉಳಿದವನ್ನು ಪೋಣಿಸಿ ಕೊಟ್ಟಳು. ತಂತಿ ಬಗ್ಗಿಸಿ ಮಣಿಯೋಲೆ ಮಾಡುವುದನ್ನು ಆಗಷ್ಟೇ ಕಲಿಯುತ್ತಿದ್ದಳು. ಪ್ಲಾಸ್ಟಿಕ್ ಮಣಿಗೆ ಹೊಳಪೇ ಇರಲಿಲ್ಲ. ಇಕ್ಕಳ ಜಾರಿ ಕುಣಿಕೆ ಸೊಟ್ಟಗಾದರೂ ಓಲೆ ಕಿವಿಯಲ್ಲಿ ಚೆನ್ನಾಗಿಯೇ ಮಿನುಗಿತು.

ಕಣ್ಣು ಮಂಜಾದ ಅಜ್ಜಿಯ ಜಪ ಅಂದಿನಿಂದ ಮುಗಿಯಲೇ ಇಲ್ಲ. ಎಣಿಸುವಳು, ತಡೆಯುವಳು, ಮತ್ತೆ ಮೊದಲಿಂದ ಎಣಿಸುವಳು.

"ಋತು, ನೂರಾ ಆರಕ್ಕ ಮುಗೀತದ ನೋಡು. ನನಗ ಅರಳುಮರಳು ಹಿಡೀತೇನ? ನಿಮ್ಮಪ್ಪಗ ಹೇಳಬ್ಯಾಡ, ಸುಮ್ಮನ ದವಾಖಾನಿಗೆ ಒಯ್ತಾನ."

ನಗಲು ನೋಡಿದ ಅಜ್ಜಿ ಮತ್ತೆ ಮೊದಲ ಮಣಿಯನ್ನು ಹುಡುಕತೊಡಗಿದಳು. ಋತುಜಾ ಓಲೆಗಳನ್ನು ಬಿಚ್ಚಿ ಅವಳ ಕೈಯಲ್ಲಿಟ್ಟಳು.

"ನಿನ್ನ ಲೆಕ್ಕ ಖರೇನ ಅದ ಅಜ್ಜಿ. ಎರಡು ಮಣಿ ನಾನ ಕದ್ದೇನಿ."

"ಹಂಗಾದ್ರ ನನ್ನ ತಲಿ ನೆಟ್ಟಗ ಅದ!"

ಆ ಖುಷಿಯಲ್ಲಿ ಅಜ್ಜಿ ಬೈಯುವುದನ್ನೇ ಮರೆತಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಋತುಜಾಳಿಗೆ.