ಹನ್ನೊಂದು ಖಾಲಿ ಹಾಳೆ

ಒಂದೂವರೆ ವರ್ಷ ಮುಚ್ಚಿದ್ದ ಶಾಲೆ ತೆರೆದಾಗ ಮಕ್ಕಳಿಗಿಂತ ಮೊದಲು ಬಂದದ್ದು ಒಂದು ಕೈಪಿಡಿ. ಕೊರೊನಾದಿಂದ ಕುಗ್ಗಿದ ಮಕ್ಕಳಲ್ಲಿ ಐದು ದಿನದೊಳಗೆ ಭರವಸೆ ತುಂಬಬೇಕು, ತುಂಬಿದ್ದಕ್ಕೆ ಶನಿವಾರ ಮಧ್ಯಾಹ್ನ ಫೋಟೋ ಸಹಿತ ಪುರಾವೆ ಕಳಿಸಬೇಕು ಎಂದು ಅದರಲ್ಲಿತ್ತು. ಬೇಲೆಕೇರಿ ಕಡೆಯ ಆ ಶಾಲೆಯ ಹೆಡ್‌ಮಾಸ್ತರು ಶಾಂತಾರಾಮ, ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದವರು, ಕೈಪಿಡಿಯನ್ನು ಎರಡು ಬೆರಳಲ್ಲಿ ಎತ್ತಿ ಏಳನೇ ತರಗತಿಯ ಶಿಕ್ಷಕಿ ವೈಜಯಂತಿ ಅಕ್ಕೋರ ಮೇಜಿನ ಮೇಲಿಟ್ಟರು. ತಮ್ಮ ಭರವಸೆಯೆಲ್ಲ ಪಿಂಚಣಿಯ ಮೇಲಿದೆ, ಅದು ಮಕ್ಕಳಿಗೆ ಕಲಿಸುವಂಥದ್ದಲ್ಲ ಎಂದರು.

ಅಕ್ಕೋರು ಕಾರವಾರದ ಶಿರವಾಡದಿಂದ ದಿನಾ ಬಸ್ಸಿನಲ್ಲಿ ಬರುವವರು, ಬೇಸಾಯದ ಮನೆಯವರು. ಏಳನೇ ತರಗತಿಯ ಹನ್ನೊಂದು ಮಕ್ಕಳೂ ಮೀನುಗಾರರ ಮನೆಯವರು. ಹತ್ತು ಮಕ್ಕಳ ಬಗ್ಗೆ ಅವರಿಗೆ ಅಷ್ಟೇನೂ ಚಿಂತೆಯಿರಲಿಲ್ಲ. ಚಿಂತೆ ಪ್ರೇಕ್ಷಾಳದ್ದು. ಗಣಿತದಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ. ಆದರೆ ಆನ್‌ಲೈನ್ ಪಾಠ ಬರುತ್ತಿದ್ದ ಮೊಬೈಲು ಅಪ್ಪನದು, ಅಪ್ಪ ದೋಣಿಯಲ್ಲಿ. ಹೀಗಾಗಿ ಅವಳ ಆರನೇ ತರಗತಿ ಪೂರ್ತಿ ನೆಟ್‌ವರ್ಕ್ ಸಿಗದ ಕಡಲಲ್ಲೇ ಕಳೆದುಹೋಗಿತ್ತು. ಅವಳು ದಡದಲ್ಲಿ ಅಜ್ಜಿ ಗಂಗೂ ಪಕ್ಕ ಕೂತು ಮೀನು ಮಾರುವುದನ್ನು ಕಲಿತಳು, ಚೆನ್ನಾಗಿಯೇ ಕಲಿತಳು. ಎಂಟನೆಯದಕ್ಕೆ ಅಂಕೋಲೆಯ ಹೈಸ್ಕೂಲಿಗೆ ಹೋಗುತ್ತೀಯೋ ಎಂದು ಕೇಳಿದರೆ, ಕೊಳ್ಳದೆ ಬರೀ ದರ ಕೇಳುವ ಗಿರಾಕಿಯನ್ನು ನೋಡುವ ಹಾಗೆ ಅಕ್ಕೋರನ್ನು ನೋಡುತ್ತಿದ್ದಳು.

ಗುರುವಾರದ ಚಟುವಟಿಕೆ: ‘ಮುಂದಿನ ವರ್ಷ ನಾನು...’ ಎಂದು ಶುರುಮಾಡಿ ಒಂದು ಪುಟ ಬರೆಯುವುದು. ಮುಕ್ಕಾಲು ಗಂಟೆಯ ನಂತರ ಬಂದದ್ದು ಹನ್ನೊಂದು ಖಾಲಿ ಹಾಳೆ. ಭರತ ಮಾತ್ರ ಅಂದವಾಗಿ ಮಾರ್ಜಿನ್ ಹಾಕಿದ್ದ.

ಶಾಂತಾರಾಮ ಮಾಸ್ತರರು ಹಾಳೆಗಳನ್ನು ತಿರುಗಿಸಿ ಹಿಂದುಗಡೆಯನ್ನೂ ಪರೀಕ್ಷಿಸಿದರು. "ಒಗ್ಗಟ್ಟು ಭರ್ತಿ ಇದೆ. ಅದನ್ನೇ ಬರೆದು ಕಳಿಸಿ," ಎಂದರು. ಭರವಸೆ ಕಂಡುಬರದಿದ್ದರೆ ಮಕ್ಕಳಿಗೆ ಆಪ್ತ ಸಮಾಲೋಚನೆ, ಶಿಕ್ಷಕರಿಗೆ ಕಾರವಾರದಲ್ಲಿ ಐದು ದಿನದ ತರಬೇತಿ ಎಂದೂ ನೆನಪಿಸಿದರು. ತರಬೇತಿಯ ಭಯ ಅಕ್ಕೋರಿಗೆ ಇಲ್ಲವೆಂದಲ್ಲ. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ತೆಗೆದು ತೆಗೆದು ನೋಡಿದ್ದು ಪ್ರೇಕ್ಷಾಳ ಹಾಳೆಯನ್ನು.

ಶುಕ್ರವಾರ ಸಂಜೆ ನೇರ ದಡಕ್ಕೇ ಹೋದರು. ಗಂಗೂ ಬುಟ್ಟಿ ತೊಳೆದು ಸಾಲಾಗಿ ಇಡುತ್ತಿದ್ದಳು. ಮೊಮ್ಮಗಳ ವಿಷಯ ಎತ್ತುವ ಮೊದಲು ಒಂದಿಷ್ಟು ಲೋಕಾಭಿರಾಮ ಇರಲಿ ಎಂದು ಅಕ್ಕೋರು, ಇವತ್ತು ಎಷ್ಟು ಮೀನು ಬರಬಹುದು ಎಂದು ಕೇಳಿಬಿಟ್ಟರು. ಸುತ್ತಲಿನ ನಾಲ್ಕೈದು ಹೆಂಗಸರು ಒಮ್ಮೆಲೇ ತಿರುಗಿ ನೋಡಿದರು.

"ಹಾಂಗೆ ಕೇಳೂದಲ್ಲ ಅಕ್ಕೋರೆ," ಎಂದಳು ಗಂಗೂ. "ದೋಣಿ ದಡಕ್ಕೆ ಬರೂತನಕ ನಾವು ಮೀನಿನ ಸುದ್ದಿ ಎತ್ತೂದಿಲ್ಲ. ಎತ್ತಿದ್ರೆ ಬರೂದೂ ಬರೂದಿಲ್ಲ."

ನಾಟಿಯ ದಿನವೇ ಇಷ್ಟು ಮೂಟೆ ಭತ್ತ ಎಂದು ಇಡೀ ಕೇರಿಗೆ ಸಾರುತ್ತಿದ್ದ ಅಪ್ಪನ ಮಗಳಿಗೆ ಇದು ಹೊಸತು. ಅಕ್ಕೋರು ಸಾಲಿನ ಬುಟ್ಟಿಗಳನ್ನು ಎಣಿಸಿದರು. "ಮತ್ತೆ ಏಳು ಬುಟ್ಟಿ ಯಾಕೆ ಇಟ್ಟೆ ಗಂಗಕ್ಕ?"

"ಬುಟ್ಟಿ ಇಡೂಕೆ ಎಂತ ಅಡ್ಡಿ?"

ನಿನ್ನೆ ಇವಳಿಗೆ ಸಿಕ್ಕಿದ್ದು ಒಂದೂವರೆ ಬುಟ್ಟಿ, ಮೊನ್ನೆ ಅದೂ ಇಲ್ಲ ಎಂದು ಪಕ್ಕದ ಮಾದೇವಿ ಚುಚ್ಚಿದಳು. ಗಂಗೂ ಕೇಳಿಸದವಳಂತೆ ಏಳನೆಯ ಬುಟ್ಟಿಗೂ ಬರ್ಫದ ಗಡ್ಡೆ ಪುಡಿಮಾಡಿ ಹಾಕಿದಳು. ಅಕ್ಕೋರು ಕೇಳಲು ಬಂದದ್ದನ್ನು ಕೇಳದೆಯೇ ಬಸ್ಸು ಹತ್ತಿದರು.

ಶನಿವಾರ ಬೆಳಿಗ್ಗೆ ಕೈಪಿಡಿಯ ಪ್ರಶ್ನೆ ಅಳಿಸಿ, ‘ಮುಂದಿನ ವರ್ಷಕ್ಕೆ ನಾನು ಏನೇನು ತಯಾರಿ ಮಾಡಿದ್ದೇನೆ?’ ಎಂದು ಬೋರ್ಡಿನ ಮೇಲೆ ಬರೆದರು. ಹತ್ತು ನಿಮಿಷದಲ್ಲಿ ಇಬ್ಬರು ಇನ್ನೊಂದು ಹಾಳೆ ಕೇಳಿದರು. ಭರತ ಹಳೇ ಎಂಜಿನ್ನಿನ ನಟ್ಟು ತಿರುಗಿಸುವ ಎರಡು ಪಾನಾ ತಿಕ್ಕಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದನಂತೆ. ರೂಪೇಶ ಒಂದು ಸೀಟಿ ಕೊಂಡಿದ್ದ. ಪೊಲೀಸಿಗೋ ಕಂಡಕ್ಟರಿಗೋ ಎಂದು ಮಾಸ್ತರರು ಎಷ್ಟು ಪುಸಲಾಯಿಸಿದರೂ ಬಾಯಿ ಬಿಡಲಿಲ್ಲ.

ಎಲ್ಲರಿಗಿಂತ ಕೊನೆಗೆ ಬಂದ ಪ್ರೇಕ್ಷಾಳ ಹಾಳೆಯಲ್ಲಿ ನಾಲ್ಕೇ ಸಾಲು:

‘ಬಸ್ ಪಾಸಿಗೆ ಎರಡು ಫೋಟೋ. ಆಧಾರ್ ಝೆರಾಕ್ಸ್. ಪಕ್ಕದ ಮನೆಯ ನೀತಕ್ಕನ ಎಂಟನೇ ತರಗತಿಯ ಗಣಿತ ಪುಸ್ತಕ, ಎರಡು ಪಾಠ ಮುಗಿದಿದೆ. ನಾನಿಲ್ಲದಾಗ ಪೇಟೆಗೆ ಹೋಗಲು ಅಜ್ಜಿಗೆ ಬಸ್ಸಿನ ಬೋರ್ಡು ಓದಲು ಕಲಿಸುತ್ತಿದ್ದೇನೆ, ಅಂಕೋಲಾ ಬರುತ್ತದೆ, ಕಾರವಾರ ಇನ್ನೂ ಬರುವುದಿಲ್ಲ.’

ಅಕ್ಕೋರು ಎರಡು ಸಲ ಓದಿದರು. ಹಾಗಾದರೆ ಹೋಗುತ್ತೀಯಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡರು. ಹನ್ನೊಂದೂ ಮಕ್ಕಳ ಹಾಳೆಗಳ ಫೋಟೋ ತೆಗೆದು ಕಳಿಸಿ ಬ್ಯಾಗು ಹೆಗಲಿಗೇರಿಸುವಷ್ಟರಲ್ಲಿ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ರಟ್ಟು ಕಿತ್ತುಹೋದ ಗಣಿತ ಪುಸ್ತಕ.

"ಅಕ್ಕೋರೆ, ಮೂರನೇ ಪಾಠ ತಿಳೀತಾ ಇಲ್ಲ."

ಕಾರವಾರದ ಬಸ್ಸು ಆಗಲೇ ತಿರುವಿನಲ್ಲಿ ಹಾರ್ನ್ ಮಾಡುತ್ತಿತ್ತು. ಅಕ್ಕೋರು ಬ್ಯಾಗು ಇಳಿಸಿ ಬೋರ್ಡು ಒರೆಸಿದರು.