ಬಾಣಂತಿ ವಾರ್ಡಿನ ದೊಡ್ಡ ಕಿಟಕಿಗಳು

'ಹೇಳಬೇಕಾದ ಮಾತು ಹೇಳದೆ ನಾಲ್ಕು ದಿನವಾಯಿತು. ನಾನು ಹೇಡಿ.'

ಡೈರಿಯಲ್ಲಿ ಇಷ್ಟು ಬರೆದು ಬಸವರಾಜೇಶ್ವರಿ ಪೆನ್ನಿಗೆ ಮುಚ್ಚಳ ಹಾಕಿದಳು. ಮನೆಯವರಿಗೆಲ್ಲ ಅವಳು ರಾಜಿ. ಬಿ.ಎ. ಪಾಸಾಗಿ ವರ್ಷ ಕಳೆದಿತ್ತು. ಆದರೂ ಹಿರಿಯರ ಎದುರು ನಿಂತರೆ ಎಲ್ಲಕ್ಕೂ ಹೂಂ ಅಂದು ಬಂದುಬಿಡುತ್ತಿದ್ದಳು.

ಅಕ್ಕ ದಾಕ್ಷಾಯಣಿ ಚೊಚ್ಚಲ ಹೆರಿಗೆಗೆಂದು ರಾಜಾಜಿನಗರದ ತವರಿಗೆ ಬಂದಿದ್ದಳು. ತಿಂಗಳು ಒಂಬತ್ತು. ನಾಲ್ಕು ದಿನದಿಂದ ಅವಳಿಗೆ ತಲೆ ಸಿಡಿತ, ಕಣ್ಣು ಮಂಜು. ಕೈಬೆರಳು ಊದಿ, ಉಂಗುರವನ್ನು ಸೋಪು ಹಚ್ಚಿ ತೆಗೆಯಬೇಕಾಯಿತು. ನೋಡಿದವಳು ರಾಜಿಯೊಬ್ಬಳೇ.

"ಯಾರಿಗೂ ಹೇಳ್ಬೇಡ ಕಣೇ. ಸೋಮವಾರ ನನ್ನ ಸೀಮಂತ, ಕುಬಸ ತೊಡಿಸೋ ದಿನ. ದಾವಣಗೆರೆಯಿಂದ ಅತ್ತೆ ಮನೆಯೋರೆಲ್ಲ ಬರ್ತಾರೆ. ಗೊತ್ತಾದ್ರೆ ಆರತಿಗೆ ಕೂರಿಸೋದು ಬಿಟ್ಟು ಹಾಸಿಗೆ ಹಿಡಿಸ್ತಾರೆ" ಎಂದು ಅಕ್ಕ ಆಣೆ ಹಾಕಿಸಿಕೊಂಡಿದ್ದಳು.

ಹೆರಿಗೆ ಎಲ್ಲಿ ಎಂಬ ಜಗಳ ಬೇರೆ. ಅಜ್ಜಿ ಶಿವಕ್ಕನದು ಒಂದೇ ಹಟ, ಮನೆಯಲ್ಲೇ ಆಗಬೇಕು. ಹಿಂದಿನ ಬೀದಿಯ ಪುಟ್ಟಲಕ್ಷ್ಮಿ, ಮಹಾರಾಜರ ಕಾಲದ ಹಳೆಯ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿ ತರಬೇತಿ ಪಡೆಯುತ್ತಿದ್ದವಳು. ಸಂಜೆ ಬಂದವಳು ಮೆಲ್ಲಗೆ ಅಲ್ಲೇ ಹೆರಿಗೆ ಮಾಡಿಸುವ ಮಾತು ತೆಗೆದಳು.

"ಆಸ್ಪತ್ರೆ ಬ್ಯಾಡವ್ವ" ಎಂದಳು ಶಿವಕ್ಕ. "ಅಲ್ಲಿ ಆನೆ ನುಗ್ಗೋವಷ್ಟು ಕಿಟಕಿ ಅದಾವಂತೆ. ಬಾಣಂತಿಗೆ ಗಾಳಿ ತಾಗಿದ್ರೆ ಸನ್ನಿ ಹಿಡಿತೈತೆ. ಅದೂ ಅಲ್ದೆ, ಕಲಿಯೋ ಹುಡುಗೇರ ಕೈಗೆ ನನ್ನ ಮೊಮ್ಮಗಳನ್ನ ಕೊಡಾಕೆ ಆಗಲ್ಲ. ನಿಮಗೆ ಕಲಿಯಾಕೆ ಬೇರೆ ಯಾರೂ ಸಿಗಲಿಲ್ವೇನು?"

ಪುಟ್ಟಲಕ್ಷ್ಮಿ ನಕ್ಕಳು. "ನಾಳೆ ಬಸುರಿಯರ ತಪಾಸಣೆ ದಿನ ಅಜ್ಜಿ. ಬಂದು ನೋಡಿ. ನೋಡಿದ್ಮೇಲೆ ಬೈಯಿರಿ."

"ಬೈಯಾಕೆ ಅಂತಾನೇ ಬರ್ತೀನಿ ತಗಾ."

ಮರುದಿನ ಅಕ್ಕ, ಅಜ್ಜಿ, ಪುಟ್ಟಲಕ್ಷ್ಮಿಯರ ಜೊತೆ ಬಸ್ಸಿಳಿದು ಆಸ್ಪತ್ರೆಯ ಗೇಟು ದಾಟಿದ್ದೇ ರಾಜಿಯ ಎದೆ ಹಿಗ್ಗಿತು. ಕಲ್ಲಿನ ಕಂಬಗಳ ಸಾಲು, ನಾಲ್ಕು ಮಂಚ ಹಿಡಿಸುವಷ್ಟು ಅಗಲದ ಜಗಲಿ, ಕತ್ತೆತ್ತಿ ನೋಡಬೇಕಾದ ಸೂರು. ಮೆಟ್ಟಿಲುಗಳ ಪಕ್ಕದಲ್ಲೇ ಇಳಿಜಾರು ಹಾದಿ. ನೋವಿನಲ್ಲಿರುವವಳನ್ನು ಗಾಲಿಮಂಚದಲ್ಲೇ ಒಯ್ಯಲೆಂದು. ಹೆಣ್ಣುಮಕ್ಕಳ ಸಂಕಟಕ್ಕೆಂದೇ ಯಾರೋ ಕೂತು ಯೋಚಿಸಿ ಇಷ್ಟು ದೊಡ್ಡ ಮನೆ ಕಟ್ಟಿದ್ದಾರೆ ಎನ್ನಿಸಿ ಅವಳಿಗೆ ರೋಮಾಂಚನವಾಯಿತು.

ಹದಿನೆಂಟು ವರ್ಷದಿಂದ ಅಲ್ಲಿ ಕಲಿಸುತ್ತಿರುವ ಪಂಕಜಾ ಸಿಸ್ಟರ್ ಬಾಣಂತಿ ವಾರ್ಡಿಗೆ ಕರೆದೊಯ್ದರು. ಗೋಡೆ ನೆಲಕ್ಕೆ ಸೇರುವಲ್ಲಿ ಮೂಲೆಯೇ ಇರಲಿಲ್ಲ. ಬೋಗುಣಿಯ ಹಾಗೆ ಬಾಗಿತ್ತು.

"ಮೂಲೆ ಇದ್ರೆ ತಾನೇ ಧೂಳು ಕೂರೋದು? ಅದಕ್ಕೇ ಕಟ್ಟಿದೋರು ಮೂಲೇನೇ ಬಿಡ್ಲಿಲ್ಲ" ಎಂದರು ಸಿಸ್ಟರ್.

ಶಿವಕ್ಕ ಬಗ್ಗಿ ಬೆರಳಿಂದ ಒರೆಸಿ ನೋಡಿದಳು. ಬೆರಳು ಹೇಗಿತ್ತೋ ಹಾಗೇ ಇತ್ತು.

"ನಮ್ಮನೆ ದೇವರ ಕ್ವಾಣೇನೂ ಇಷ್ಟು ಚೊಕ್ಕ ಇಲ್ಲ ಬಿಡು. ಆ ಕಿಟಕಿ?"

"ಖಾಲಿ ಮಂಚದ ಮೇಲೆ ಕೂತು ಸೆರಗಿನ ತುದಿ ಹಿಡ್ಕೊಳ್ಳಿ ಅಜ್ಜಿ."

ಶಿವಕ್ಕ ಕೂತು ಸೆರಗು ಹಿಡಿದಳು. ಹೊರಗೆ ಮರ ತೂಗುತ್ತಿತ್ತು, ಸೆರಗು ಅಲುಗಲಿಲ್ಲ.

"ಕಿಟಕಿ ಶುರುವಾಗೋದೇ ಮಂಚಕ್ಕಿಂತ ಎಷ್ಟೋ ಮೇಲೆ. ಹೊರಗಿನ ಗಾಳಿ ಮೊದ್ಲು ಜಗಲೀಲಿ ಸುತ್ತಿ ಸೋತು ಬರುತ್ತೆ. ಒಳಗಿನ ಕೆಟ್ಟ ಗಾಳಿ ಬಿಸಿಯಾಗಿ ಮೇಲೇರಿ ಆ ಗವಾಕ್ಷಿಯಿಂದ ಹೊರಟೋಗುತ್ತೆ. ಮುಚ್ಚಿದ ಕೋಣೆ, ಹೊಗೆ, ಕೊಳೆ ಬಟ್ಟೆ, ಇವೇ ಅಜ್ಜಿ ಬಾಣಂತಿಗೆ ಶತ್ರು. ಗಾಳಿಯಲ್ಲ."

"ಸರಿ. ಕಲಿಯೋ ಹುಡುಗೇರು?"

"ನಿಮ್ಮೂರ ಸೂಲಗಿತ್ತಿ ಯಾರ ಹತ್ರ ಕಲಿತ್ರು?"

"ಅವರತ್ತೆ ಹತ್ರ."

"ಅತ್ತೆ ಪಕ್ಕದಲ್ಲೇ ನಿಂತಿದ್ರು ಅಲ್ವಾ? ಇಲ್ಲೂ ಅಷ್ಟೇ. ಮೊದ್ಲು ನೋಡೋದು, ನೋಡಿ ನೋಡಿ ಕಣ್ಣು ಪಳಗಿದ್ಮೇಲೆ ಕೈ ಹಚ್ಚೋದು. ಆಗ್ಲೂ ನಾನು ಪಕ್ಕದಲ್ಲೇ ಇರ್ತೀನಿ. ಮನೇಲಿ ಎರಡೇ ಕಣ್ಣು. ಇಲ್ಲಿ ನಿಮ್ಮ ಮೊಮ್ಮಗಳ ಮೇಲೆ ಹತ್ತು ಕಣ್ಣು."

"ಈ ಪುಟ್ಟಲಕ್ಷ್ಮಿ ಕಣ್ಣೂ ಸೇರಿಸಿದ್ರೋ?"

"ಸೇರಿಸ್ದೆ ಇರ್ತಾರಾ ಅಜ್ಜಿ? ನೀವು ಬೈದ್ರೂ ಮುಚ್ಚಲ್ಲ ಅದು" ಎಂದಳು ಪುಟ್ಟಲಕ್ಷ್ಮಿ.

ಶಿವಕ್ಕ ನಕ್ಕುಬಿಟ್ಟಳು. "ಆಗ್ಲಿ. ಹೆರಿಗೆ ಇಲ್ಲೇ ಆಗ್ಲಿ. ನೋವು ಬಂದಾಗ ಕರ್ಕೊಂಡು ಬರ್ತೀವಿ. ತಪಾಸಣೆ ಎಲ್ಲ ಆಮ್ಯಾಲೆ. ಈಗ ನಡೀರಿ, ಕುಬಸದ ಕೆಲಸ ಐತೆ."

ಸಿಸ್ಟರ್ ದಾಕ್ಷಾಯಣಿಯ ಕಡೆ ತಿರುಗಿದರು. "ತಲೆನೋವು, ಕಣ್ಣು ಮಂಜು ಏನಾದ್ರೂ ಇದೆಯೇನಮ್ಮ?"

"ಇಲ್ಲ ಸಿಸ್ಟರ್, ಆರಾಮಾಗಿದೀನಿ." ದಾಕ್ಷಾಯಣಿ ಕೈಗಳನ್ನು ಸೆರಗಿನೊಳಗೆ ಸೇರಿಸಿದಳು. ಅಜ್ಜಿ ಆಗಲೇ ಬಾಗಿಲ ಕಡೆ ಹೊರಟಿದ್ದಳು.

ರಾಜಿ ಅಕ್ಕನ ಪಕ್ಕಕ್ಕೆ ಬಂದು ನಿಂತಳು. ಅಕ್ಕ ಮುನಿಸಿಕೊಂಡಾಳು, ಆಣೆ ಮುರಿದಂತಾದೀತು. ಆದರೆ ಕೇಳುವವರು ಬೇಕು ಅಂತಲೇ ಅಲ್ಲವೇ ಇಷ್ಟು ದೊಡ್ಡ ಮನೆ ಕಟ್ಟಿ, ಇಷ್ಟು ಮಂದಿಗೆ ಕಲಿಸುತ್ತಿರುವುದು?

"ಅವಳು ಆರಾಮಾಗಿಲ್ಲ ಸಿಸ್ಟರ್" ಎಂದಳು. ಅವಳ ಧ್ವನಿ ಅವಳಿಗೇ ಹೊಸದಾಗಿ ಕೇಳಿಸಿತು. "ಐದು ದಿನದಿಂದ ತಲೆ ಸಿಡೀತಿದೆ. ಕಣ್ಣು ಮಂಜಾಗಿದೆ, ಕೈ ಊದಿದೆ. ನಂಗೆ ಗೊತ್ತಿತ್ತು. ಹೇಳೋಕೆ ಹೆದರಿಕೊಂಡೆ."

ಸಿಸ್ಟರ್ ಆಗಲೇ ದಾಕ್ಷಾಯಣಿಯ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಿದ್ದರು. ಪಾದರಸ ಏರಿದ್ದನ್ನು ನೋಡಿ, "ಒಳ್ಳೇ ಹೊತ್ತಿಗೆ ಹೇಳಿದೆ ಮಗು. ಇದು ಬಸುರಿಯರ ನಂಜು. ಬಿಟ್ರೆ ಫಿಟ್ಸ್ ಬರುತ್ತೆ. ಇವತ್ತೇ ಅಡ್ಮಿಟ್ ಆಗ್ಲಿ" ಎಂದರು.

ಶಿವಕ್ಕ ಬಾಗಿಲಿಂದ ಹಿಂದಿರುಗಿ ಬಂದು ಮೊಮ್ಮಗಳ ಪಕ್ಕ ಕೂತಳು. "ಹೊಲಿಸಿದ ಕುಬಸ ಎಲ್ಲಿಗೂ ಓಡಿಹೋಗಲ್ಲ. ನೀನು ಮಲಗವ್ವ."

ಅಕ್ಕ ತಂಗಿಯರೇ, ಅಜ್ಜಿಯರೇ, ನಿಮ್ಮ ಮನೆಯಲ್ಲೂ ಬಸುರಿ ಇದ್ದಾಳೆಯೇ? ತಲೆನೋವು, ಕಣ್ಣು ಮಂಜು, ಮುಖ ಕೈಗಳ ಊತ ಕಂಡರೆ ಹಬ್ಬಕ್ಕಾಗಿ ಕಾಯಬೇಡಿ, ಆಣೆಗೆ ಅಂಜಬೇಡಿ. ಅದೇ ದಿನ ಹೆರಿಗೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಲಿಯುವವರಿರುವ ಆಸ್ಪತ್ರೆಯೆಂದು ಹಿಂಜರಿಯಬೇಡಿ, ಅಲ್ಲಿ ಕಲಿಸುವವರೂ ಇರುತ್ತಾರೆ. ಅವರು ಕೇಳಿದಾಗ, ಇದ್ದದ್ದನ್ನು ಇದ್ದ ಹಾಗೆ ಹೇಳಿ.