ಕೆಳಗಿನ ಕಿಟಕಿಗೆ ಕಾಣುವ ಗೋಡೆ

ಮಳೆಗಾಲ ಮುಗಿದು ಎಳೆಬಿಸಿಲು ಬಿದ್ದಿದ್ದ ಒಂದು ಬೆಳಗ್ಗೆ, ಟೀ ಕುಡಿಯುವ ಹೊತ್ತಿಗೆ ಶುರುವಾಯಿತು ಈ ಗೋಡೆಯ ಮಾತು. ನಮ್ಮ ಹಿತ್ತಲು ಎತ್ತರದಲ್ಲಿ. ಅದರ ಬುಡದ ಮನೆಯಲ್ಲಿ ಬಾಡಿಗೆಗಿದ್ದವಳು ಬೀದಿಗೆಲ್ಲ ದರ್ಜಿ ಅಕ್ಕ. ಆ ವರ್ಷ ನಮ್ಮ ಮಣ್ಣು ಜಾರಿ ಅವಳ ಅಂಗಳ ತುಂಬಿತ್ತು. ಅದನ್ನು ತಡೆಯಲು ಒಂದು ಗೋಡೆ ಕಟ್ಟಲೇಬೇಕಿತ್ತು.

"ಕಡಿಮೆ ಖರ್ಚಲ್ಲಿ ಆಗಬೇಕು, ನೋಡೋಕೂ ಚೆನ್ನಾಗಿರಬೇಕು," ಅಂದ ನನ್ನ ತಮ್ಮ. ಗೋಡೆಯ ಹಿಂದೆ ಜಲ್ಲಿ, ನೀರು ಬಸಿಯಲು ಕೊಳವೆ, ಎಲ್ಲ ಸರಿಯಾಗಿಯೇ ಯೋಚಿಸಿದ್ದ. ಕೊಂಡ ಒಳ್ಳೆಯ ಕಲ್ಲು ಮಾತ್ರ ಸ್ವಲ್ಪ. ಅದನ್ನು ಮೇಲಿನ ಸಾಲಿಗೆ, ನಮ್ಮ ಹೂಕುಂಡಗಳ ಪಕ್ಕಕ್ಕೆ ಅಂತ ಎತ್ತಿಟ್ಟ. ಕೆಳಗಿನದಕ್ಕೆಲ್ಲ ಹಳೇ ಬಚ್ಚಲು, ಪಾಯಿಖಾನೆ ಒಡೆದಾಗ ಉಳಿದ ಚೂರು.

"ಗೋಡೆಯ ಮುಖ ಇರೋದು ಆ ಕಡೆ ಕಣೋ. ನಮಗೆ ಕಾಣೋದು ಬರೀ ನೆತ್ತಿ," ಅಂದೆ.

"ಭಾವನಿಗೆ ಯಾವಾಗಲೂ ಪಕ್ಕದ ಮನೆ ಚಿಂತೆ," ತಮ್ಮನ ಹೆಂಡತಿ ನಕ್ಕಳು. "ಬೇಕಿದ್ರೆ ಕೆಳಗೇ ಹೋಗಿ ಕೂತ್ಕೊಳ್ಳಿ!"

ಗೋಡೆ ಗಟ್ಟಿಯಾಗಿಯೇ ಎದ್ದಿತು. ಮೇಲಿಂದ ನೋಡಿದವರು ಹೊಗಳಿದ್ದೇ ಹೊಗಳಿದ್ದು. ತಮ್ಮ ಉಬ್ಬಿಹೋದ.

ದರ್ಜಿ ಅಕ್ಕ ಹೊಲಿಗೆ ಮೆಷಿನನ್ನು ಕಿಟಕಿಗೆ ಒತ್ತಿ ಇಟ್ಟುಕೊಂಡವಳು. ಈಗ ಅವಳ ಮನೆಯಲ್ಲಿ ಹಗಲೇ ದೀಪ ಉರಿಯತೊಡಗಿತು. ಮೆಷಿನ್ ಸದ್ದು ಒಳಕೋಣೆಯಿಂದ ಬರುತ್ತಿತ್ತು. ತಮ್ಮನಿಗೆ ಹೇಳಿದೆ.

"ಕಿಟಕೀಲಿ ಗಾಳಿ ಜಾಸ್ತಿ ಇರಬೇಕಣ್ಣಾ," ಅಂದ.

ಒಂದು ದಿನ ಅವನ ಹೆಂಡತಿ ಬಟ್ಟೆ ಅಳತೆ ಕೊಡಲು ಕೆಳಗೆ ಹೋದಳು. ಅಲ್ಲಿ ಇನ್ನಿಬ್ಬರು ಹೆಂಗಸರು ಕೂತಿದ್ದರಂತೆ. ಕಿಟಕಿ ತುಂಬ ನಮ್ಮ ಗೋಡೆ. ಸಿಮೆಂಟಿನ ನಡುವೆ ನಮ್ಮದೇ ಗುಲಾಬಿ ಟೈಲ್ಸು, ಪಾಯಿಖಾನೆ ಬಟ್ಟಲಿನ ಅರ್ಧ ಅಂಚು.

"ಏನಕ್ಕಾ, ಕಿಟಕಿ ತೆಗೆದರೆ ಇನ್ನೊಬ್ಬರ ಪಾಯಿಖಾನೆ ದರ್ಶನ!" ಅಂದಳಂತೆ ಒಬ್ಬಳು.

"ಒಳಗೆ ಯಾರಾದ್ರೂ ಇದ್ದಾರೇನೋ, ಕೆಮ್ಮಿ ನೋಡೇ," ಅಂದಳಂತೆ ಇನ್ನೊಬ್ಬಳು.

ದರ್ಜಿ ಅಕ್ಕ ಅಳತೆಪಟ್ಟಿ ಹಿಡಿದು, "ಕೈ ಎತ್ತಮ್ಮ," ಅಂದಳಂತೆ, ಅಷ್ಟೇ. ಇವಳು ಯಾರ ಮನೆಯವಳು ಅಂತ ಅವರಿಗೆ ಹೇಳಲೇ ಇಲ್ಲ.

"ಇವಳದೇ ಆ ಗೋಡೆ ಅಂದುಬಿಟ್ಟಿದ್ರೂ ಇಷ್ಟು ಉರೀತಿರಲಿಲ್ಲ ಭಾವ," ಅಂತ ಮನೆಗೆ ಬಂದು ಮುಖ ಮುಚ್ಚಿಕೊಂಡಳು. ತಮ್ಮ ಸಂಜೆ ಕೆಳಗಿಳಿದು ಹೋದ. ನಾನೂ ಹಿಂದೆಯೇ ಹೋದೆ.

"ಅಕ್ಕಾ, ಮೇಲಿನ ಸಾಲು ಕಿತ್ತು ಈ ಕಡೆ ಕೂರಿಸಿಕೊಡ್ತೀನಿ," ಅಂದ ತಮ್ಮ.

"ಕೂರಿಸಪ್ಪ. ಮುಂದೆ ಬರೋ ಬಾಡಿಗೆಯವರಿಗಾದ್ರೂ ಆಗುತ್ತೆ," ಅಂದಳು ದಾರ ಕಡಿಯುತ್ತಾ. "ಪೇಟೇಲಿ ಒಂದು ಕೋಣೆ ಗೊತ್ತು ಮಾಡ್ಕೊಂಡೆ. ಒಳಕೋಣೆ ಮಬ್ಬಲ್ಲಿ ಸೂಜಿಗೆ ದಾರ ಏರಲ್ಲ ನಂಗೆ. ಕಿಟಕಿ ಹತ್ರ ಕೂತ್ರೆ ಬಂದವರೆಲ್ಲ ನಗ್ತಾರೆ."

"ಒಂದು ಮಾತು ಹೇಳಬಾರದಿತ್ತಾ?" ಅಂದ ತಮ್ಮ.

"ನಿನ್ನ ಕಲ್ಲು, ನಿನ್ನ ಗೋಡೆ. ನಾನೇನು ಹೇಳಲಿ?"

ತಮ್ಮ ಕಲ್ಲು ಕೀಳುವ ಕೆಲಸ ನಿಲ್ಲಿಸಲಿಲ್ಲ. ಮಂಗಳವಾರ ದರ್ಜಿ ಅಕ್ಕ ಹೊರಡುವ ಹೊತ್ತಿಗೆ ಅರ್ಧ ಗೋಡೆಗೆ ಹೊಸ ಮುಖ ಬಂದಿತ್ತು. ಮೆಷಿನ್ ಗಾಡಿಗೆ ಏರಿಸುವಾಗ ಅವನೂ ಹೆಗಲು ಕೊಟ್ಟ. ಅವಳ ಕಡೆ ನೋಡಲಾಗದೆ ಚಕ್ರವನ್ನೇ ನೋಡುತ್ತಿದ್ದ.